ಮೊಣಕಾಲು ಮುಟ್ಟದ ನಾಯಿ

ಗುಡ್ಡಗಳು ಇನ್ನೂ ತಂತಮ್ಮ ಜಾಗ ಹುಡುಕಿಕೊಂಡು ಓಡಾಡುತ್ತಿದ್ದ ಕಾಲದಲ್ಲಿ ಹೆಗ್ಗೋಟೆ ಅಂತೊಂದು ರಾಜ್ಯ ಇತ್ತು. ಅಲ್ಲಿ ಎಲ್ಲವೂ ದೊಡ್ಡದು. ಕೋಟೆ ದೊಡ್ಡದು, ಬಾಗಿಲು ದೊಡ್ಡದು, ಗಂಡಸರ ಮೀಸೆ ದೊಡ್ಡದು, ಹೆಂಗಸರ ಮೂಗುಬೊಟ್ಟು ದೊಡ್ಡದು. ಅರಸ ದೊಡ್ಡವೀರನಂತೂ ಎಷ್ಟು ಎತ್ತರ ಅಂದರೆ, ಅವನು ಆಕಳಿಸಿದಾಗ ಪಾರಿವಾಳಗಳು ಗೂಡು ಸಿಕ್ಕಿತು ಅಂದುಕೊಂಡು ಒಳಗೆ ಇಣುಕುತ್ತಿದ್ದವು.

ಅಲ್ಲಿಯ ನಾಯಿಗಳೂ ಹಾಗೇ. ಉದ್ದ ಕಾಲಿನ, ಉದ್ದ ಮೂತಿಯ ಬೇಟೆನಾಯಿಗಳು. ಹುಟ್ಟಿದ ವರ್ಷದೊಳಗೇ ಕರುವಿನ ಎತ್ತರಕ್ಕೆ ಬಂದುಬಿಡುತ್ತಿದ್ದವು. ಹಾಗಾಗಿ ಹೆಗ್ಗೋಟೆಯಲ್ಲಿ ಒಂದು ಕಟ್ಟಳೆ ಇತ್ತು. ನಾಯಿಯ ಬೆನ್ನು ಅರಸನ ಮೊಣಕಾಲು ಮುಟ್ಟಿದರೆ ಅದು ನಾಯಿ. ಮುಟ್ಟದಿದ್ದರೆ ಮರಿ. ಮೊಣಕಾಲು ಮುಟ್ಟದೆಯೇ ಬೆಳೆದು ಮುಗಿಸುವ ನಾಯಿಯೊಂದು ಈ ಲೋಕದಲ್ಲಿ ಇರಬಹುದು ಅಂತ ಯಾರಿಗೂ ಹೊಳೆದಿರಲಿಲ್ಲ. ಹೊಳೆಯುವುದಕ್ಕೆ ಕಾರಣವೂ ಇರಲಿಲ್ಲ.

ಅರಮನೆಯ ನಾಯಿಮನೆಯಲ್ಲಿ ನಾಯಿಗಳ ಮೈ ಬಾಚುವ ಕೆಲಸ ಬೊಮ್ಮಕ್ಕನದು. ಇಪ್ಪತ್ತೈದು ದಾಟಿದ ಹೆಣ್ಣು, ಸೋದರತ್ತೆ ಲಿಂಗಾಜಮ್ಮನ ಜೊತೆ ಕೋಟೆಯ ಮಗ್ಗುಲಲ್ಲೇ ಇದ್ದಳು. ಒಂದು ಚಳಿಗಾಲ ಹಿಮದ ಸೀಮೆಯಿಂದ ಕಂಬಳಿ ಮಾರಿಕೊಂಡು ಬಂದ ಮುದುಕಿಯೊಬ್ಬಳು ಅವರ ಜಗಲಿಯಲ್ಲಿ ನಾಲ್ಕು ದಿನ ತಂಗಿದಳು. ಹೊರಡುವಾಗ ಕಂಬಳಿಗಂಟಿನೊಳಗಿಂದ ಬೆಳ್ಳಗಿನದೊಂದು ನಾಯಿಮರಿ ತೆಗೆದು ಬೊಮ್ಮಕ್ಕನ ಕೈಗೆ ಕೊಟ್ಟಳು.

"ಎಷ್ಟು ದೊಡ್ಡದಾಗುತ್ತೆ ಅಜ್ಜಿ ಇದು?" ಅಂತ ಬೊಮ್ಮಕ್ಕ ಕೇಳಿದಳು.

"ಇವರಮ್ಮನಷ್ಟು" ಅಂದಳು ಮುದುಕಿ.

ಅಮ್ಮ ಎಷ್ಟಿದ್ದಳು ಅಂತ ಕೇಳಬೇಕು ಅನ್ನಿಸುವಷ್ಟರಲ್ಲಿ ಮುದುಕಿ ಕಣಿವೆ ದಾಟಿದ್ದಳು.

ಬಂದಾಗ ಅದು ಬೊಗಸೆಯಲ್ಲಿ ಕೂರುತ್ತಿತ್ತು. ಹಿಂಜಿದ ಹತ್ತಿಯ ಉಂಡೆಗೆ ಎರಡು ಮೆಣಸಿನಕಾಳು ಒತ್ತಿದ ಹಾಗೆ ಇತ್ತು ಮುಖ. ಬೊಮ್ಮಕ್ಕ ಅದಕ್ಕೆ ಅರಳೆ ಅಂತ ಹೆಸರಿಟ್ಟಳು. ಮೊದಮೊದಲು ಅರಳೆ ಬೆಳೆದ ರಭಸ ನೋಡಿ ಲಿಂಗಾಜಮ್ಮ, "ಹೀಗೇ ಹೋದ್ರೆ ದಸರಾ ಹೊತ್ತಿಗೆ ಮನೆ ಸೂರು ಎತ್ತಿಸ್ಬೇಕು ಕಣೇ" ಅಂದಳು. ಆಮೇಲೆ ಹಾಲುಹಲ್ಲು ಉದುರಿತು. ಹಲ್ಲಿನ ಜೊತೆಗೆ ಕೂದಲೂ ಉದುರಿತು, ಕಾಲು ಮಾತ್ರ ಉದ್ದವಾಯಿತು. ಒಂದೆರಡು ತಿಂಗಳು ಅದು ನಾಯಿಯೂ ಅಲ್ಲ, ನರಿಯೂ ಅಲ್ಲ, ಯಾರೋ ಮಳೆಯಲ್ಲಿ ಬಿಟ್ಟುಹೋದ ಪೊರಕೆಯ ಹಾಗೆ ಓಡಾಡಿಕೊಂಡಿತ್ತು. ಕನ್ನಡಿ ಇಲ್ಲದ್ದು ಅದರ ಪುಣ್ಯ. ಮತ್ತೆ ಕೂದಲು ಬಂತು, ಈ ಸಲ ಸೊಂಪಾಗಿ. ಕೊರಳಿಗೆ ಜೂಲು ಬಂತು, ಬಾಲ ಬೆನ್ನಿನ ಮೇಲೆ ಬೀಸಣಿಗೆಯಾಯಿತು, ಕಿವಿ ಎರಡೂ ನೆಟ್ಟಗೆ ನಿಂತವು. ಬೊಮ್ಮಕ್ಕನ ಮೀನಖಂಡದ ಅರ್ಧಕ್ಕೆ ಬಂದು ಅರಳೆ ನಿಂತಿತು.

ನಿಂತಿತೋ, ಸುಧಾರಿಸಿಕೊಳ್ಳುತ್ತಿತ್ತೋ, ಯಾರಿಗೆ ಗೊತ್ತು.

ಹೀಗಿರುವಾಗ ಊದುಮಲ್ಲನಿಗೆ ಕಪ್ಪ ಕೊಡುವ ಕಾರ್ತಿಕ ಮಾಸ ಬಂತು.

ಊದುಮಲ್ಲ ಹೊಗೆಗುಡ್ಡದ ಮೇಲಿದ್ದ ಮಾಂತ್ರಿಕ. ಅವನ ಹತ್ತಿರ ಒಂದು ಊದುಗೊಳವೆ ಇತ್ತು. ನಾವು ಒಲೆ ಊದುತ್ತೇವಲ್ಲ, ಅಂಥದ್ದೇ, ಆದರೆ ಮಾಯದ್ದು. ಬೆಳೆಯುವುದು ಇನ್ನೂ ಬಾಕಿ ಇರುವ ಜೀವದ ಮೇಲೆ ಅದರಿಂದ ಉಸಿರು ಬಿಟ್ಟರೆ ಸಾಕು, ಎಳ್ಳಷ್ಟು ಬಾಕಿ ಇದ್ದದ್ದು ಗುಡ್ಡದಷ್ಟು ಆಗುತ್ತಿತ್ತು. ಹಾಗೆ ಬೆಳೆದದ್ದು ಅವತ್ತಿನಿಂದ ಅವನ ಆಳು. ಮೊದಲು ಅವನು ಒಂದು ಕೋಳಿಮರಿಯ ಮೇಲೆ ಊದಿ ಅದನ್ನು ಊರಿನ ಮೇಲೆ ಬಿಟ್ಟಿದ್ದ. ಅದು ಸಂತೆಬೀದಿಯಲ್ಲಿ ಎರಡು ಹೆಜ್ಜೆ ಇಟ್ಟಿತು, ಸಂತೆಬೀದಿ ಹೋಯಿತು. ಅಲ್ಲಿಂದಾಚೆ ವರ್ಷಕ್ಕೊಂದು ಮರಿ ಕಪ್ಪ ಅಂತ ಒಪ್ಪಂದವಾಯಿತು. ಒಂದು ವರ್ಷ ಬೆಕ್ಕಿನ ಮರಿ ಹೋಯಿತು, ಇನ್ನೊಂದು ವರ್ಷ ಎಳೆಗರು. ಈ ಸಲ ನಾಯಿಮನೆಯ ಸರದಿ.

ಅರಸ ಸಭೆ ಕರೆದ. ಮಂತ್ರಿ ಸೋಮಣಯ್ಯ ಕೇಳಿದ, "ನಾಯಿಮನೆಯಲ್ಲಿ ಮರಿ ಎಷ್ಟಿವೆ?"

"ಒಂದೂ ಇಲ್ಲ ಸ್ವಾಮಿ. ಎಲ್ಲ ಬೆಳೆದು ನಿಂತಿವೆ" ಅಂದಳು ಬೊಮ್ಮಕ್ಕ.

"ಕಂಕುಳಲ್ಲಿ ಏನದು?"

"ಇದು ನಾಯಿ ಸ್ವಾಮಿ."

"ನಾಯಿನ ಯಾರಾದ್ರೂ ಕಂಕುಳಲ್ಲಿ ಇಟ್ಕೊಳಕ್ಕಾಗುತ್ತಾ?"

"ಇದನ್ನ ಇಟ್ಕೋಬೋದು."

"ಅದಕ್ಕೇ ನಾನು ಮರಿ ಅನ್ನೋದು" ಅಂದ ಮಂತ್ರಿ.

ಕಟ್ಟಳೆಯ ಪ್ರಕಾರ ಅರಸ ಎದ್ದು ನಿಂತ. ಅರಳೆಯನ್ನು ಅವನ ಕಾಲ ಪಕ್ಕಕ್ಕೆ ಬಿಟ್ಟರು. ಅದು ಕತ್ತೆತ್ತಿ, ಜನ ಗೋಪುರದ ಕಳಸ ನೋಡುವ ಹಾಗೆ ಅರಸನ ಮೊಣಕಾಲನ್ನು ನೋಡಿತು. ಆಮೇಲೆ ಅವನ ಪಾದರಕ್ಷೆಯ ಮೇಲೆ ಆರಾಮಾಗಿ ಕೂತಿತು.

"ಮಹಾಸ್ವಾಮಿಗಳ ಮೊಣಕಾಲು ತುಂಬ ಮೇಲಿದೆ" ಅಂದಳು ಬೊಮ್ಮಕ್ಕ.

"ನಮ್ಮ ತಾತನ ಕಾಲದಲ್ಲಿ ಇನ್ನೂ ಮೇಲಿತ್ತಂತೆ" ಅಂದ ಅರಸ. ಅವನ ದನಿಯಲ್ಲಿ ಬೇಸರವಿತ್ತು. ಅರಳೆ ಕೂತ ಕಾಲನ್ನು ಅವನು ಅಲ್ಲಾಡಿಸಲಿಲ್ಲ.

"ಹಲ್ಲು ನೋಡಿ ಮಹಾಸ್ವಾಮಿ, ಹಾಲುಹಲ್ಲು ಒಂದೂ ಇಲ್ಲ."

"ಬೇಗ ಬಿದ್ದಿರಬೇಕು" ಅಂದ ಸೋಮಣಯ್ಯ. ಬೊಮ್ಮಕ್ಕನನ್ನು ಕಂಬದ ಮರೆಗೆ ಕರೆದು ದನಿ ತಗ್ಗಿಸಿದ. "ನೋಡಮ್ಮ, ನೀನು ಹೇಳೋದೇ ನಿಜ ಅಂತಿಟ್ಕೋ. ಹಾಗಾದ್ರೆ ನಾಳೆ ಅವನಿಗೆ ಕೊಡೋಕೆ ನಮ್ಮತ್ರ ಏನೂ ಇಲ್ಲ. ಕೋಳಿ ಮತ್ತೆ ಇಳಿದು ಬರುತ್ತೆ. ಇದು ಮರಿ ಆಗಿದ್ರೇ ಊರಿಗೆಲ್ಲ ಒಳ್ಳೇದು."

ನ್ಯಾಯದ ಮಾತಲ್ಲ ಅದು. ಆದರೆ ಸುಳ್ಳೂ ಅಲ್ಲ. ಬೊಮ್ಮಕ್ಕ ಅರಳೆಯನ್ನು ಎತ್ತಿಕೊಂಡು, "ಹಾಗಾದ್ರೆ ಬೇರೆ ಯಾರೂ ಮುಟ್ಟೋದು ಬೇಡ. ನಾನೇ ಕರ್ಕೊಂಡು ಹೋಗ್ತೀನಿ" ಅಂದಳು.

ಮನೆಗೆ ಬಂದು ಬಾನಿಯ ನೀರಲ್ಲಿ ಅದಕ್ಕೆ ಸ್ನಾನ ಮಾಡಿಸಿದಳು. ನೀರು ಬಿದ್ದದ್ದೇ ಜೂಲು ಹೋಯಿತು, ಬೀಸಣಿಗೆ ಬಾಲ ಹೋಯಿತು, ಎದೆಯ ಸೊಕ್ಕು ಹೋಯಿತು. ನೆನೆದ ಇಲಿಯಂಥ ಸಣ್ಣದೊಂದು ಪ್ರಾಣಿ ನಡುಗುತ್ತ ನಿಂತಿತು. ಬೊಮ್ಮಕ್ಕ ಕೊರಳದಾರ ಹಿಡಿದು ನೋಡಿದಳು. ಶ್ರಾವಣದಲ್ಲಿ ಹಾಕಿದ ಗಂಟಿನಲ್ಲೇ ಇತ್ತು, ಬಿಗಿಯೂ ಇಲ್ಲ, ಸಡಿಲವೂ ಇಲ್ಲ.

"ನೋಡತ್ತೆ. ತಿಂಗಳಾನುಗಟ್ಟಲೆಯಿಂದ ಬೆಳೀತಿರೋದು ಬರೀ ಕೂದಲು. ಒಳಗಿನ ನಾಯಿ ಆಗಲೇ ನಿಂತ್ಹೋಗಿದೆ."

ಲಿಂಗಾಜಮ್ಮ ಬಗ್ಗಿ ನೋಡಿದಳು. ಸುಳ್ಳು ಸಮಾಧಾನ ಹೇಳುವ ಹೆಂಗಸಲ್ಲ ಅವಳು. "ಹಾಗೇ ಕಾಣುತ್ತೆ. ಆದ್ರೆ ನೀನೂ ಹದಿನಾರಕ್ಕೆ ನಿಂತೆ ಅಂತ ಅಂದ್ಕೊಂಡು ರವಿಕೆ ಎಲ್ಲ ಹೊಲಿಸಿದ್ವಿ. ಹದಿನೆಂಟಕ್ಕೆ ಇನ್ನೊಂದು ಗೇಣು ಎದ್ದೆ."

ಬೊಮ್ಮಕ್ಕ ಅರಳೆಯ ಮೈ ಒರೆಸತೊಡಗಿದಳು. ಅರಳೆ ಬೆಳೆದು ಮುಗಿದಿದ್ದರೆ ಊದುಮಲ್ಲನ ಉಸಿರು ತಾಗುವುದಿಲ್ಲ, ಅದು ಅವಳದ್ದಾಗಿಯೇ ಉಳಿಯುತ್ತದೆ. ಬೆರಳಗಲ ಬಾಕಿ ಇದ್ದರೂ ಗುಡ್ಡದಷ್ಟಾಗಿ ಅವನ ಬಾಗಿಲು ಕಾಯುತ್ತದೆ. ಇಷ್ಟೇ ವಿಷಯ. ತಿಳಿಯುವುದಕ್ಕೆ ಇದ್ದದ್ದೂ ಒಂದೇ ದಾರಿ.

ಬೆಳಗಾಯಿತು. ಬೊಮ್ಮಕ್ಕ ಕಂಬಳಿ ಹೊದ್ದು, ಬಾಚಣಿಗೆ ಸೊಂಟಕ್ಕೆ ಸಿಕ್ಕಿಸಿ, ನೀರಿನ ಬುರುಡೆ ಹೆಗಲಿಗೆ ಹಾಕಿ, ಅರಳೆಯನ್ನು ಕರೆದುಕೊಂಡು ಹೊಗೆಗುಡ್ಡ ಹತ್ತಿದಳು.

ಮೊದಲನೇ ಬಾಗಿಲಲ್ಲಿ ಕೋಳಿ ಇತ್ತು. ಗೋಪುರದಷ್ಟು ಎತ್ತರ, ಕೊಕ್ಕು ದೋಣಿಯಷ್ಟು ಉದ್ದ. ಮೈಮೇಲೆ ಮಾತ್ರ ಇನ್ನೂ ಮರಿಯ ಹಳದಿ ತುಪ್ಪಳ.

"ಯಾರದು? ಎಲ್ಲಿಗೆ?" ಅಂತ ಗುಡುಗಿತು.

"ಕಪ್ಪ ತಂದಿದ್ದೀನಿ. ಬಾಗಿಲು ಬಿಡು."

"ಬಿಡಬೇಕಾದ್ರೆ ನನ್ನನ್ನ ಬೆಚ್ಚಗೆ ಮಾಡು. ರೆಕ್ಕೆ ಕೆಳಗೆ ಕೂರೋಣ ಅಂದ್ರೆ ನನ್ನನ್ನ ಮುಚ್ಚೋವಷ್ಟು ದೊಡ್ಡ ಕೋಳಿ ಎಲ್ಲೂ ಇಲ್ಲ. ಅವತ್ತಿಂದ ಚಳಿ."

ಬೊಮ್ಮಕ್ಕ ಕಂಬಳಿ ತೆಗೆದು ಕೋಳಿಯ ಕಾಲಿನ ಒಂದು ಬೆರಳಿಗೆ ಹೊದಿಸಿದಳು. ಅದಕ್ಕಿಂತ ಹೆಚ್ಚು ಮುಚ್ಚುವಂತಿರಲಿಲ್ಲ. ಕೋಳಿ ಆ ಬೆರಳನ್ನೇ ನೋಡುತ್ತ ನೋಡುತ್ತ ಕಣ್ಣು ಮುಚ್ಚಿತು. ಇವರು ದಾಟಿದರು.

ಎರಡನೇ ಬಾಗಿಲಲ್ಲಿ ಬೆಕ್ಕು ಇತ್ತು. ಮಲಗಿದರೆ ಕೆರೆಯ ಏರಿಯಷ್ಟು ಉದ್ದ, ಮೀಸೆ ಒಂದೊಂದೂ ಬಿದಿರಿನಷ್ಟು.

"ಯಾರದು? ಎಲ್ಲಿಗೆ?"

"ಕಪ್ಪ ತಂದಿದ್ದೀನಿ. ಬಾಗಿಲು ಬಿಡು."

"ಬಿಡಬೇಕಾದ್ರೆ ತೊಡೆ ಮೇಲೆ ಮಲಗಿಸ್ಕೋ. ನನಗೆ ಸಾಲೋವಂಥ ತೊಡೆ ಎಲ್ಲೂ ಇಲ್ಲ."

ಬೊಮ್ಮಕ್ಕ ಕಾಲು ಚಾಚಿ ಕೂತಳು. ಬೆಕ್ಕು ಬಹಳ ಯೋಚನೆ ಮಾಡಿ ಕಿವಿಯ ತುದಿಯೊಂದನ್ನು ಅವಳ ತೊಡೆಯ ಮೇಲಿಟ್ಟಿತು. ಕೈ ಎಟುಕಿದಷ್ಟನ್ನು ಅವಳು ಬಾಚಿದಳು. ಬೆಕ್ಕು ಗುರ್ರ್ ಅನ್ನುತ್ತ ಕಣ್ಣು ಮುಚ್ಚಿತು, ಆ ಸದ್ದಿಗೆ ಗುಡ್ಡದಿಂದ ನಾಲ್ಕಾರು ಬಂಡೆ ಉರುಳಿದವು. ಮರಗಟ್ಟಿದ ಕಾಲು ಉಜ್ಜಿಕೊಂಡು ಬೊಮ್ಮಕ್ಕ ಎದ್ದಳು. ಇವರು ದಾಟಿದರು.

ಮೂರನೇ ಬಾಗಿಲಲ್ಲಿ ಕರು ಇತ್ತು. ಅದರ ಕಾಲುಗಳ ನಡುವೆ ದಾರಿ ಹಾದುಹೋಗಿತ್ತು, ನೆರಳಿನಲ್ಲಿ ಒಂದು ಹಳ್ಳಿ ಕೂರಬಹುದಿತ್ತು.

"ಯಾರದು? ಎಲ್ಲಿಗೆ?"

"ಕಪ್ಪ ತಂದಿದ್ದೀನಿ. ಬಾಗಿಲು ಬಿಡು."

"ಬಿಡಬೇಕಾದ್ರೆ ನನ್ನ ಮುಖ ನೆಕ್ಕು. ನಮ್ಮಮ್ಮ ನೆಕ್ಕೋಳು. ಒಂದಿನ ಹುಡುಕ್ಕೊಂಡು ಬಂದ್ಳು, ನನ್ನನ್ನ ನೋಡಿ ಹೆದರಿ ಓಡೋದ್ಳು."

ಬೊಮ್ಮಕ್ಕ ಏನು ಮಾಡುವುದು ಅಂತ ಯೋಚಿಸುವಷ್ಟರಲ್ಲಿ ಅರಳೆಯೇ ಮುಂದೆ ಹೋಗಿ, ತಗ್ಗಿಸಿದ ಆ ದೊಡ್ಡ ಮೂಗಿನ ಮೂಲೆಯನ್ನು ನೆಕ್ಕತೊಡಗಿತು. ಕೆರೆಯನ್ನು ಚಮಚದಲ್ಲಿ ಖಾಲಿ ಮಾಡುವ ಕೆಲಸ ಅದು. ಆದರೂ ಕರು ಕಣ್ಣು ಮುಚ್ಚಿತು. ಇವರು ದಾಟಿದರು.

ದಾಟುತ್ತ ಬೊಮ್ಮಕ್ಕ ಅರಳೆಯನ್ನು ಎತ್ತಿ ಎದೆಗೆ ಒತ್ತಿಕೊಂಡಳು. ನಾಲ್ಕನೇ ಬಾಗಿಲಿಗೆ ಜಾಗ ಖಾಲಿ ಇರುವುದು ಅವಳಿಗೆ ಕಾಣುತ್ತಿತ್ತು.

ಊದುಮಲ್ಲ ಗುಡ್ಡದ ನೆತ್ತಿಯಲ್ಲಿ ಕೂತಿದ್ದ. ದೊಡ್ಡ ಹೊಟ್ಟೆ, ತಿದಿಯ ಹಾಗೆ ಏರಿಳಿಯುವ ಎದೆ, ಪಕ್ಕದಲ್ಲಿ ಊದುಗೊಳವೆ. ಮಾತು ಮಾತ್ರ ಬಹಳ ನಯ.

"ಬಾ ತಂಗಿ, ಕೂತ್ಕೋ. ಬಿಸಿಲಲ್ಲಿ ಬಂದಿದ್ದೀಯ. ಏನು ತಂದೆ?"

"ನಾಯಿ ಅಣ್ಣ. ಬೆಳೆದು ಮುಗಿದಿರೋ ನಾಯಿ. ನಿಮಗೆ ಉಪಯೋಗ ಇಲ್ಲ. ನೋಡಿ, ವಾಪಸ್ ಕಳಿಸಿಬಿಡಿ."

ಅವನು ನಕ್ಕ. "ನಾನೂ ಹೆಗ್ಗೋಟೆಯೋನೇ ತಂಗಿ. ಮೊಣಕಾಲಿಗೆ ಬರದೇ ಇರೋದು ನಾಯಿ ಹೇಗಾಗುತ್ತೆ? ಇಷ್ಟು ಸಣ್ಣದು ಅಂದ್ರೆ ಬೆಳೆಯೋದು ಇನ್ನೆಷ್ಟು ಬಾಕಿ ಇದೆ ಲೆಕ್ಕ ಹಾಕು. ಇದು ಆ ಮೂರನ್ನೂ ಮೀರಿಸುತ್ತೆ."

ಎದೆ ತುಂಬ ಉಸಿರೆಳೆದು ಅವನು ಊದಿದ.

ಅರಳೆ ಬೆಳೆಯಿತು. ಬೊಮ್ಮಕ್ಕನ ಕಣ್ಣೆದುರೇ ಅದು ಎರಡಾಳಷ್ಟು ಆಯಿತು, ಜೂಲು ಅರಳಿತು, ಬಾಲ ಅರಳಿತು, ಕಾಲು ಕಾಣದಂತಾಯಿತು. ಅವಳು ಸೆರಗನ್ನು ಬಾಯಿಗೆ ತುಂಬಿಕೊಂಡಳು. ಗಾಳಿ ನಿಂತಿತು. ಅರಳೆ ಮೂಗಿನಿಂದ ಬಾಲದವರೆಗೆ ಒಮ್ಮೆ ಮೈ ಕೊಡವಿ ಒಂದು ಸೀನು ಸೀನಿತು. ಕೂದಲು ಕೂತಿತು. ಅದರೊಳಗೆ ಅದೇ ಮೀನಖಂಡದೆತ್ತರದ ನಾಯಿ ಇತ್ತು, ಗಾಳಿ ಹಾಕಿದ್ದಕ್ಕೆ ಖುಷಿಯಾಗಿ ನಾಲಿಗೆ ಹೊರಗೆ ಹಾಕಿಕೊಂಡು ನಿಂತಿತ್ತು.

ಬೊಮ್ಮಕ್ಕ ಅದರ ಜೂಲಿನೊಳಗೆ ಕೈ ಹಾಕಿ ನೋಡಿದಳು. ನಗುವೂ ಅಳುವೂ ಒಟ್ಟಿಗೇ ಬಂದವು. "ಸಾಕು ಅಣ್ಣ" ಅಂದಳು. "ನೋಡಿದ್ರಲ್ಲ. ಅದಿಷ್ಟೇ. ನಾವು ಹೋಗ್ತೀವಿ."

ಊದುಮಲ್ಲನ ಮುಖ ಕಪ್ಪಿಟ್ಟಿತು. "ಉಸಿರು ಕಡಿಮೆಯಾಯ್ತು, ಅಷ್ಟೇ. ತಡಿ." ಅವನು ಎರಡೂ ಕೈ ಚಾಚಿ, ಗುಡ್ಡದ ಕೆಳಗಿನಿಂದ ಏನನ್ನೋ ಎಳೆದುಕೊಳ್ಳುವ ಹಾಗೆ ದೀರ್ಘವಾಗಿ ಉಸಿರೆಳೆದ. ದೂರದ ಮೊದಲನೇ ಬಾಗಿಲ ಕಡೆಯಿಂದ ತಿದಿಯ ಗಾಳಿ ಹೊರಬಿದ್ದ ಹಾಗೆ ಒಂದು ಸದ್ದಾಯಿತು. ಅದರ ಹಿಂದೆಯೇ ಸಣ್ಣಗೆ, ಬಹಳ ಸಣ್ಣಗೆ, ಚಿಂವ್ ಚಿಂವ್ ಅನ್ನುವ ದನಿ ಕೇಳಿಸಿತು.

ಬೊಮ್ಮಕ್ಕನಿಗೆ ಅರ್ಥವಾಯಿತು. ಅವನ ಹತ್ತಿರ ಇದ್ದದ್ದು ಒಂದೆದೆಯಷ್ಟು ಉಸಿರು ಮಾತ್ರ. ಉಳಿದದ್ದೆಲ್ಲ ಆ ಮೂರು ಮರಿಗಳ ಹೊಟ್ಟೆಯಲ್ಲಿತ್ತು.

ಅವನು ಎರಡನೇ ಸಲ ಊದಿದ. ಅರಳೆಯ ಕೂದಲು ಎದ್ದಿತು, ಗಾಳಿ ನಿಂತಿತು, ಕೂದಲು ಕೂತಿತು. ಅದು ಕಾಲಿನಿಂದ ಕಿವಿ ಕೆರೆದುಕೊಂಡಿತು.

ಈಗ ಹೊರಟುಬಿಡಬಹುದಿತ್ತು. ಊದುಮಲ್ಲನೇ ಬೇಸತ್ತು, "ಕರ್ಕೊಂಡು ಹೋಗು ಇದನ್ನ" ಅಂದ. ನಾಯಿ ಉಳಿಯಿತು, ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಮಲಗಬಹುದು. ಆದರೆ ಬೆಕ್ಕೂ ಕರುವೂ ಇನ್ನೂ ಬಾಗಿಲು ಕಾಯುತ್ತಲೇ ಇದ್ದವು, ಬೆಕ್ಕಿನ ಕಿವಿಯ ಭಾರ ಇನ್ನೂ ತೊಡೆಯ ಮೇಲಿತ್ತು. ಇನ್ನೊಂದು ಕಡೆ ಲಿಂಗಾಜಮ್ಮನ ಮಾತು ಕಿವಿಯಲ್ಲೇ ಕೂತಿತ್ತು. ಎರಡು ಸಲ ಊದಿದರೂ ಸಿಕ್ಕದ ಎಳ್ಳಷ್ಟು ಎಲ್ಲೋ ಬಾಕಿ ಉಳಿದು, ಮೂರನೇ ಸಲಕ್ಕೆ ಸಿಕ್ಕಿಬಿಟ್ಟರೆ? ಅವಳು ಅರಳೆಯ ಕಡೆ ನೋಡಿದಳು. ಅರಳೆ ಬೆಳೆಯುವ ಯಾವ ಅವಸರದಲ್ಲೂ ಇದ್ದ ಹಾಗೆ ಕಾಣಲಿಲ್ಲ.

"ಇಲ್ಲಣ್ಣ" ಅಂದಳು ಬೊಮ್ಮಕ್ಕ. "ಎಡಗಿವಿ ಒಂಚೂರು ಬೆಳೆದ ಹಾಗಿದೆ ನೋಡಿ. ಇನ್ನೊಂದು ಸಲ ಗಟ್ಟಿಯಾಗಿ ಊದಿದ್ರೆ ಎದ್ದುಬಿಡುತ್ತೇನೋ. ಇಷ್ಟು ಸಣ್ಣದು ನಿಮ್ಮ ಕೈಲಿ ಆಗ್ಲಿಲ್ಲ ಅಂತ ಕೆಳಗೆ ಹೋಗಿ ನಾನು ಹೇಗೆ ಹೇಳ್ಲಿ?"

"ಬೆಳೆದಿದೆಯಾ?"

"ನನ್ನ ಕಣ್ಣಿಗೆ ಹಾಗೆ ಕಾಣ್ತಿದೆ. ನೀವು ತಿಳಿದೋರು, ನೀವೇ ನೋಡಿ."

ಊದುಮಲ್ಲ ಬಗ್ಗಿ ನೋಡಿದ. ಕಾಣಬೇಕು ಅಂದುಕೊಂಡವನಿಗೆ ಕಾಣಿಸಿತು. ಅವನು ಕೈ ಚಾಚಿ ಬೆಕ್ಕಿನೊಳಗಿನ ಉಸಿರನ್ನು ಎಳೆದುಕೊಂಡ, ಸಾಲದು ಅಂತ ಕರುವಿನೊಳಗಿನದನ್ನೂ ಎಳೆದುಕೊಂಡ. ಹೊಟ್ಟೆ ನಗಾರಿಯಾಯಿತು, ಕಣ್ಣು ಕೆಂಪಾದವು. ಇದ್ದಬದ್ದದ್ದನ್ನೆಲ್ಲ ಸೇರಿಸಿ ಮೂರನೇ ಸಲ ಊದಿದ.

ಬೊಮ್ಮಕ್ಕ ಕಣ್ಣು ಮುಚ್ಚಿಕೊಂಡಳು. ಗಾಳಿಗೆ ಅವಳ ತುರುಬು ಬಿಚ್ಚಿತು, ಗುಡ್ಡದ ಹುಲ್ಲೆಲ್ಲ ಮಲಗಿತು, ಊದುಗೊಳವೆ ಉದ್ದಕ್ಕೂ ಸೀಳಿತು. ಆಮೇಲೆ ನಿಶ್ಶಬ್ದ. ಎಷ್ಟೋ ಹೊತ್ತಿನ ಮೇಲೆ ಅವಳ ಕಾಲಿಗೆ ಏನೋ ಒದ್ದೆಯಾಗಿ ತಾಗಿತು. ಮೂಗು. ಮೀನಖಂಡದ ಅರ್ಧಕ್ಕೆ.

ಕಣ್ಣು ಬಿಟ್ಟಾಗ ಎದುರಿಗೆ ಮಾಂತ್ರಿಕ ಇರಲಿಲ್ಲ. ದೊಗಲೆ ಅಂಗಿಯೊಳಗೆ ಬಡಕಲು ಮನುಷ್ಯನೊಬ್ಬ ಕೆಮ್ಮುತ್ತ ಕೂತಿದ್ದ.

"ನೀರಿದೆಯಾ ತಂಗಿ?" ಅಂತ ಕೇಳಿದ.

ಅವಳು ಕೊಟ್ಟಳು. ಅವನು ಕುಡಿದು, ಅರಳೆಯನ್ನು ಬಹಳ ಹೊತ್ತು ನೋಡಿದ. "ನಿಜವಾಗ್ಲೂ ಇಷ್ಟೇನಾ?"

"ಇಷ್ಟೇ ಅಣ್ಣ. ಅದಕ್ಕೆ ಇಷ್ಟು ಸಾಕಂತೆ."

ಇಳಿಯುವಾಗ ಮೂರನೇ ಬಾಗಿಲಲ್ಲಿ ಎಳೆಗರುವೊಂದು ತತ್ತರಿಸುವ ಕಾಲಲ್ಲಿ ನಿಂತಿತ್ತು. ಬೊಮ್ಮಕ್ಕನನ್ನು ಕಂಡದ್ದೇ ಹಿಂದೆ ಬಂತು. ಎರಡನೇ ಬಾಗಿಲಲ್ಲಿ ಅಂಗೈಯಷ್ಟು ಬೆಕ್ಕಿನ ಮರಿ ಅವಳ ಸೀರೆ ಹಿಡಿದು ಹತ್ತಿ ಹೆಗಲ ಮೇಲೆ ಕೂತಿತು. ಮೊದಲನೇ ಬಾಗಿಲಲ್ಲಿ ಕಂಬಳಿ ಮಾತ್ರ ಬಿದ್ದಿತ್ತು. ಮಡಿಕೆ ಬಿಡಿಸಿದರೆ ನಡುವೆ ಕೋಳಿಮರಿ ಬೆಚ್ಚಗೆ ನಿದ್ದೆ ಹೋಗಿತ್ತು. ಹಿಂದಿನಿಂದ ಊದುಮಲ್ಲ, "ಸ್ವಲ್ಪ ನಿಧಾನಕ್ಕೆ ನಡಿಯಮ್ಮ, ಉಸಿರು ಸಾಲ್ತಿಲ್ಲ" ಅನ್ನುತ್ತ ಬರುತ್ತಿದ್ದ.

ಕೋಟೆಯ ಬಾಗಿಲಲ್ಲಿ ಊರಿಗೆ ಊರೇ ನಿಂತಿತ್ತು. ಕರುವಿನ ತಾಯಿ ಹಗ್ಗ ಕಿತ್ತುಕೊಂಡು ಓಡಿಬಂದು, ಇಷ್ಟು ದಿನದ ಬಾಕಿಯನ್ನೆಲ್ಲ ಅದರ ಮುಖದ ಮೇಲೆ ತೀರಿಸಿತು. ಲಿಂಗಾಜಮ್ಮ ಬೊಮ್ಮಕ್ಕನ ಬಿಚ್ಚಿದ ಕೂದಲು ಹಿಡಿದು ಗಂಟು ಹಾಕಿದಳು. ಗಂಟು ಬೇಕಾದ್ದಕ್ಕಿಂತ ಬಿಗಿಯಾಗಿತ್ತು.

ಅರಸ ದೊಡ್ಡವೀರ ಬಂದ. ಮಂತ್ರಿ ಅಳತೆ ಮಾಡಲು ಅಣಿಯಾದಾಗ ಕೈಸನ್ನೆಯಲ್ಲೇ ಬೇಡ ಅಂದ. ಮಂಡಿಯೂರಿ, ಆಮೇಲೆ ಅದೂ ಸಾಲದೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತ. ಆಗ ಅರಳೆಯ ಮುಖ ಅವನಿಗೆ ಮೊದಲನೇ ಸಲ ಸರಿಯಾಗಿ ಕಂಡಿತು.

"ಇನ್ನು ಮೇಲೆ ನಮ್ಮ ಮೊಣಕಾಲನ್ನ ಯಾರೂ ನೋಡೋದು ಬೇಡ" ಅಂದ ಅರಸ. "ಯಾವುದು ಎಲ್ಲಿಗೆ ನಿಲ್ಲುತ್ತೋ ಅದೇ ಅದರ ಎತ್ತರ. ಬರ್ಕೊಳ್ಳಿ ಸೋಮಣಯ್ಯ."

"ಬರ್ಕೊಂಡೆ ಮಹಾಸ್ವಾಮಿ" ಅಂದ ಮಂತ್ರಿ. "ಆದ್ರೂ ನನಗೆ ಮೊದಲೇ ಅನುಮಾನ ಇತ್ತು. ಹಲ್ಲು ಚೆನ್ನಾಗೇ ಬಂದಿತ್ತು."

ಊದುಮಲ್ಲನನ್ನು ಏನು ಮಾಡುವುದು ಅಂತ ಯಾರಿಗೂ ತೋಚಲಿಲ್ಲ. ಶಿಕ್ಷೆ ಕೊಡೋಣ ಅಂದರೆ ಅವನು ಕೆಮ್ಮುವುದನ್ನು ನೋಡಿ ಜನರೇ ಬೆನ್ನು ಸವರುತ್ತಿದ್ದರು. ಕೊನೆಗೆ ಅವನೇ ಕೋಳಿಯಿಂದ ತುಳಿಸಿ ಹಾಳು ಮಾಡಿದ್ದ ಸಂತೆಬೀದಿಗೆ ಕಲ್ಲು ಹೊರಲು ಕಳಿಸಿದರು. ದಿನಕ್ಕೆ ನಾಲ್ಕೇ ಕಲ್ಲು ಹೊತ್ತ, ಆದರೆ ತಪ್ಪದೆ ಹೊತ್ತ. ಸಂತೆಬೀದಿ ಎದ್ದಿತು. ಬೆಕ್ಕಿನ ಮರಿ ಬೆಕ್ಕಾಯಿತು, ಕೋಳಿಮರಿ ಹುಂಜವಾಗಿ ಊರನ್ನೆಲ್ಲ ಎಬ್ಬಿಸಿತು, ಕರು ಹಸುವಾಗಿ ಕರು ಹಾಕಿತು. ದೊಡ್ಡವರು ದೊಡ್ಡವರಾಗಿ, ಸಣ್ಣವರು ಸಣ್ಣವರಾಗಿ, ಆ ಊರಲ್ಲಿ ಎಲ್ಲರೂ ಹೊಟ್ಟೆತುಂಬ ಉಂಡು ಕಣ್ತುಂಬ ನಿದ್ದೆ ಮಾಡಿಕೊಂಡಿದ್ದರು.

ಆದರೆ ಅವೆಲ್ಲ ಆಮೇಲಿನ ಮಾತು. ಅವತ್ತು ಸಂಜೆ ಬೊಮ್ಮಕ್ಕ ಜಗಲಿಯ ಮೇಲೆ ಗೋಡೆಗೊರಗಿ ಕೂತಿದ್ದಳು. ಇಡೀ ಗುಡ್ಡ ಹತ್ತಿ ಇಳಿದ ಅರಳೆ ಅವಳ ತೊಡೆಯ ಮೇಲೆ ಹತ್ತಿ, ಎರಡು ಸುತ್ತು ತಿರುಗಿ, ಮೂತಿಯನ್ನು ಬಾಲದೊಳಗೆ ತೂರಿಸಿ ಮಲಗಿತು. ತೊಡೆಯಿಂದ ಯಾವ ಕಡೆಗೂ ಒಂದು ಕಾಲೂ ಹೊರಗೆ ಚಾಚಲಿಲ್ಲ. ಎಲ್ಲ ಒಳಗೇ ಹಿಡಿಸಿತ್ತು.